ಮಲ್ಲಿಗೆ ಪಟ್ರೋಲ್‌ನ ಎಂಟನೇ ಹುಡುಗಿ

ನವೆಂಬರ್ 6, 2025, ಗುರುವಾರ, ರಾತ್ರಿ

ಎಂಟು ಸ್ಕಾರ್ಫ್ ಇಸ್ತ್ರಿ ಮಾಡಿ ಮಡಚಿಟ್ಟೆ. ಏಳು ಸಾಕು ಅಂತ ಸೋಮವಾರದವರೆಗೂ ಅನ್ಕೊಂಡಿದ್ದೆ.

ನಾಳೆ ಭಾರತ್ ಸ್ಕೌಟ್ಸ್ ಗೈಡ್ಸ್ ಸಂಸ್ಥಾಪನಾ ದಿನ, 1950ರ ನವೆಂಬರ್ 7ಕ್ಕೆ ಶುರುವಾಗಿದ್ದು, ಅದಕ್ಕೇ ಹೊಸ ಹುಡುಗೀರ ದೀಕ್ಷೆ ಅವತ್ತೇ ಇಟ್ಕೊಂಡಿದೀನಿ. ಸೋಮವಾರ ಲಿಸ್ಟ್ ಓದ್ತಿರುವಾಗ ಪಟ್ರೋಲ್ ಲೀಡರ್, ಅಂದ್ರೆ ಆ ಹುಡುಗೀರ ಗುಂಪಿನ ನಾಯಕಿ, ಎದ್ದು ನಿಂತು, ಮಿಸ್ ಅವಳ ಹೆಸರು ಬಿಟ್ರಿ ಅಂದ್ಲು. ಯಾರದು ಅಂತ ಕೇಳೋ ಅಗತ್ಯ ಇರಲಿಲ್ಲ. ಸೆಪ್ಟೆಂಬರ್‌ನಲ್ಲಿ ಜ್ವರ ಅಂತ ಮನೆಗೆ ಹೋದೋಳು, ಐದನೇ ದಿನಕ್ಕೆ ಇಲ್ಲ.

ನಾನು ಆಗಲ್ಲ ಅಂದೆ. ದೀಕ್ಷೆ ಅಂದ್ರೆ ಸರ್ಟಿಫಿಕೇಟ್ ಕೊಡೋ ಥರ ಅಲ್ಲ, ಮೂರು ಬೆರಳು ಎತ್ತಿ, ನನ್ನ ಗೌರವದ ಮೇಲೆ ಅಂತ ಅವರವರ ಬಾಯಲ್ಲೇ ಹೇಳ್ಬೇಕು, ಅಪ್ಪ ಅಮ್ಮ ಕೂಡ ಪರವಾಗಿ ಹೇಳೋಕಾಗಲ್ಲ, ಇದನ್ನ ಹದಿನಾರು ವರ್ಷದಿಂದ ನಾನೇ ಹೇಳ್ಕೊಡ್ತಾ ಬಂದಿರೋದು. ಅದಕ್ಕೆ ಆ ಹುಡುಗಿ, ಅವಳಿಗೆ ಪ್ರತಿಜ್ಞೆ ಬಾಯಿಪಾಠ ಬರ್ತಿತ್ತು ಮಿಸ್, ನನಗೆ ಕಲಿಸಿದ್ದೇ ಅವಳು, ಅಂತ ಹೇಳಿ ಕೂತ್ಕೊಂಡ್ಲು. ಹೆಡ್ ಮಾಸ್ಟರ್ ಹತ್ರ ಕೇಳಿದ್ರೆ ಎರಡು ನಿಮಿಷ ಮೌನ ಮಾಡ್ಸಿ ಸಾಕಲ್ವಾ ಮೇಡಂ ಅಂದ್ರು. ಅವರೂ ಪಾಪ ಒಳ್ಳೇ ಮನಸಿಂದಾನೇ ಹೇಳಿದ್ದು, ಆದ್ರೆ ಮೌನ ಸೆಪ್ಟೆಂಬರ್‌ನಲ್ಲೇ ಮಾಡಿದ್ವಲ್ಲ.

ಇವತ್ತು ಸಂಜೆ ಅವಳ ಅಮ್ಮ ಬಂದಿದ್ರು. ಮಂಡಕ್ಕಿ ಭಟ್ಟಿ ಕೆಲಸ ಮುಗಿಸ್ಕೊಂಡು ಸೀದಾ ಬಂದಿದ್ರು, ಸೆರಗಲ್ಲಿ ಹೊಗೆ ವಾಸನೆ. ಒಳಗೆ ಬನ್ನಿ ಅಂದ್ರೂ ಬಾಗಿಲಲ್ಲೇ ನಿಂತು ಪ್ಲಾಸ್ಟಿಕ್ ಕವರ್ ಚಾಚಿದ್ರು.

"ಮಿಸ್ಸಾರೇ, ಈ ಹಗ್ಗ ಸಾಲೀದಂತೆ. ಚೀಲ ತೆಗೆದಾಗ ಸಿಕ್ತು. ಇಟ್ಕಂಡ್ರೆ ಋಣ ಆಗ್ತದೆ."

ಗಂಟು ಕಲಿಯೋಕೆ ಕೊಟ್ಟಿದ್ದ ಹಗ್ಗ. ಮಧ್ಯದಲ್ಲಿ ರೀಫ್ ನಾಟ್ ಹಾಕಿತ್ತು. ಬಲದ್ದು ಎಡದ ಮೇಲೆ, ಆಮೇಲೆ ಎಡದ್ದು ಬಲದ ಮೇಲೆ, ಅವಳಿಗೆ ಯಾವಾಗ್ಲೂ ಎರಡನೇದು ತಪ್ಪಿ ಜಾರೋ ಗಂಟಾಗ್ತಿತ್ತು. ಇದು ಸರಿ ಇತ್ತು, ಎಳೆದು ನೋಡಿದೆ.

ಅದರ ಜೊತೆ ದಿನಕ್ಕೊಂದು ಒಳ್ಳೆ ಕೆಲಸ ಬರೆಯೋ ನೋಟ್‌ಬುಕ್ಕೂ ಇತ್ತು. ಹತ್ತೊಂಬತ್ತು ದಿನದ್ದು ಬರೆದಿದ್ಲು. ಅಜ್ಜಿಗೆ ಸೂಜಿಗೆ ದಾರ ಪೋಣಿಸಿಕೊಟ್ಟೆ. ನಲ್ಲಿಯಲ್ಲಿ ನೀರು ಹೋಗ್ತಿತ್ತು ನಿಲ್ಲಿಸಿದೆ. ತಮ್ಮನಿಗೆ ಹೊಡೆಯಲಿಲ್ಲ. ಕೊನೇದರಲ್ಲಿ ತಾರೀಖು ಮಾತ್ರ ಇದೆ.

ಪ್ರತಿಜ್ಞೆಯಲ್ಲಿ ಕೈಲಾದಷ್ಟು ಅನ್ನೋ ಮಾತು ಬರತ್ತೆ. ಅಷ್ಟು ಸಲ ಹೇಳ್ಕೊಟ್ಟಿದೀನಿ, ಆ ಪದದ ಹತ್ರ ಒಂದಿನಾನೂ ನಿಂತಿರಲಿಲ್ಲ. ಅವಳ ಕೈಲಾಗಿದ್ದು ಹತ್ತೊಂಬತ್ತು ದಿನ.

ಹೆಸರು ಬರೆದೆ, ಅಮ್ಮನ ಎದುರಿಗೇ. ಮಲ್ಲಿಗೆ ಪಟ್ರೋಲ್, ಕ್ರಮ ಸಂಖ್ಯೆ 8. ದಿವಂಗತ ಅಂತ ಹಾಕಲಿಲ್ಲ, ಉಳಿದವರಿಗೆ ಹೇಗೆ ಬರೀತೀನೋ ಹಾಗೇ ಬರೆದೆ. ಆಡಿಟ್‌ನಲ್ಲಿ ಕೇಳಿದ್ರೆ ನಾನೇ ಉತ್ತರ ಕೊಡ್ತೀನಿ. ಅಮ್ಮನಿಗೆ ಓದೋಕೆ ಬರಲ್ಲ, ಯಾವುದು ಅಂತ ಕೇಳಿ ಆ ಸಾಲಿನ ಮೇಲೆ ಬೆರಳಿಟ್ಟು, "ಕೊಂಡಜ್ಜಿ ಕ್ಯಾಂಪಿಗೆ ಹೋಗ್ತೀನಿ ಅಂತಿದ್ಲು ಮಿಸ್ಸಾರೇ, ನಾನೇ ದುಡ್ಡಿಲ್ಲ ಅಂದಿದ್ದೆ" ಅಂದ್ರು. ನನಗೆ ಏನು ಹೇಳ್ಬೇಕೋ ಗೊತ್ತಾಗಲಿಲ್ಲ, ಟೀ ಮಾಡ್ಲಾ ಅಂತ ಕೇಳ್ಬಿಟ್ಟೆ. ಕುಡೀಲಿಲ್ಲ, ಬಸ್ಸಿಗೆ ಹೊತ್ತಾಯ್ತು ಅಂತ ಹೋದ್ರು. ನಾಳೆ ಬರ್ತಾರಂತೆ, ಅರ್ಧ ದಿನ ರಜೆ ಹಾಕಿ.

ಬೆಳಿಗ್ಗೆ ರಿಹರ್ಸಲ್‌ನಲ್ಲಿ ಹುಡುಗೀರು ಕುದುರೆ ಲಾಳದ ಆಕಾರಕ್ಕೆ ನಿಂತಾಗ ಒಬ್ಬರ ಜಾಗ ಖಾಲಿ ಬಿಟ್ಟಿದ್ರು, ನಾನು ಹೇಳಿರಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ವೃತ್ತ, ನಡುವೆ ಚುಕ್ಕೆ. ದಾರಿ ಗುರುತು ಪಾಠದಲ್ಲಿ ಅದು ಮನೆಗೆ ಹೋಗಿದ್ದೇನೆ ಅನ್ನೋ ಗುರುತು, ಕೀನ್ಯಾದ ನ್ಯೇರಿಯಲ್ಲಿ ಸ್ಕೌಟಿಂಗ್ ಶುರು ಮಾಡಿದ ಬೇಡನ್ ಪೊವೆಲ್ ಸಮಾಧಿ ಮೇಲೂ ಅದೇ ಇದೆ ಅಂತ ಜುಲೈನಲ್ಲಿ ಹೇಳಿದ್ದೆ, ಆಗ ಮಿಸ್ ಕೀನ್ಯಾಗೆ ಬಸ್ಸಲ್ಲಿ ಹೋಗ್ಬಹುದಾ ಅಂತ ಕೇಳಿದ್ದೂ ಅವಳೇ.

ಎಂಟನೇ ಸ್ಕಾರ್ಫ್ ಅಮ್ಮನ ಕೈಗೆ ಕೊಡ್ಬೇಕಾ, ಕೊರಳಿಗೇ ಹಾಕ್ಬೇಕಾ? ಆಮೇಲೆ ಎಡಗೈ ಕೈಕುಲುಕೋದು, ಅದು ಅವರಿಗೆ ಗೊತ್ತಿರಲ್ಲ, ಮೊದಲೇ ಹೇಳಿರ್ಬೇಕು. ನಾಳೆ ಡೆಮೋಗೆ ಹಗ್ಗ ಒಂದು ಕಮ್ಮಿ ಬೀಳತ್ತೆ, ಇದರ ಗಂಟು ಬಿಚ್ಚೋಕೆ ನನಗಂತೂ