ಬಿಯಾವೊವಿಯೆಝಾದಲ್ಲಿ ನಾನು ಕಳೆದುಕೊಂಡ ಒಂದು ಗಂಟೆ

ಟೂರ್ ಮ್ಯಾನೇಜರ್ ಕೆಲಸದಲ್ಲಿ ಹೆಡ್‌ಕೌಂಟ್ ತಪ್ಪುವುದು ಹೊಸದಲ್ಲ. ಪ್ಯಾರಿಸ್‌ನಲ್ಲಿ ತಪ್ಪಿದೆ, ಪ್ರಾಗ್‌ನಲ್ಲಿ ತಪ್ಪಿದೆ. ಆದರೆ 2023ರ ಜೂನ್‌ನಲ್ಲಿ ಪೋಲೆಂಡ್–ಬೆಲಾರುಸ್ ಗಡಿಯ ಬಿಯಾವೊವಿಯೆಝಾ ಕಾಡಿನಲ್ಲಿ ತಪ್ಪಿದ್ದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಬೆಂಗಳೂರಿನಿಂದ 22 ಪ್ಯಾಕ್ಸ್, ಅಂದರೆ ಪ್ರವಾಸಿಗಳು. ಬೆಳಿಗ್ಗೆ ಸ್ಟ್ರಿಕ್ಟ್ ರಿಸರ್ವ್, ಅಂದರೆ ಕಾಡಿನ ಕಟ್ಟುನಿಟ್ಟಿನ ರಕ್ಷಿತ ಭಾಗ ಮುಗಿಸಿದ್ದೆವು. ಲೈಸೆನ್ಸ್ ಇರುವ ಗೈಡ್ ಇಲ್ಲದೆ ಅದರೊಳಗೆ ಬಿಡುವುದಿಲ್ಲ. ಬಿದ್ದ ಮರವನ್ನು ಯಾರೂ ಮುಟ್ಟುವುದಿಲ್ಲ. ಅದು ಪಾಚಿ ಕಟ್ಟಿ, ಹುಳ ಹಿಡಿದು, ಅದರ ಮೇಲೇ ಹೊಸ ಸಸಿ ಏಳುತ್ತದೆ. ‘ಎಷ್ಟು ನಾಟಾ ಹಾಳು’ ಅಂತ ಒಬ್ಬರು ಲೊಚಗುಟ್ಟಿದರು. ಝುಬ್ರ್, ಅಂದರೆ ಯುರೋಪಿನ ಬೈಸನ್, ನಮ್ಮ ಕಾಟಿಯ ದೂರದ ನೆಂಟ, ಕಾಡಿನಲ್ಲಿ ಕಾಣಲಿಲ್ಲ. 1919ರಲ್ಲಿ ಇಲ್ಲಿನ ಕೊನೆಯ ಕಾಡು ಝುಬ್ರನ್ನು ಕೊಂದರಂತೆ. ಮೃಗಾಲಯಗಳಲ್ಲಿ ಉಳಿದವುಗಳಿಂದ ಮರಿ ಮಾಡಿಸಿ, 1952ರಲ್ಲಿ ಮತ್ತೆ ಕಾಡಿಗೆ ಬಿಟ್ಟರು ಅಂತ ಗೈಡ್ ಹೇಳಿದರು.

ತಪ್ಪು ಶುರುವಾದದ್ದು ನನ್ನ ಬಾಯಿಂದ. ಬಸ್ಸಿನಲ್ಲಿ ಮೈಕ್ ಸಿಕ್ಕರೆ ನನಗೆ ಸ್ವಲ್ಪ ಜಾಸ್ತಿಯೇ. ‘ಇದೇ ಕಾಡಿನ ಆ ಕಡೆ, ಬೆಲಾರುಸ್‌ನಲ್ಲಿ, ವಿಸ್ಕುಲಿ ಅಂತ ಬೇಟೆ ಬಂಗಲೆ ಇದೆ. 1991ರ ಡಿಸೆಂಬರ್ 8ರಂದು ರಷ್ಯಾದ ಯೆಲ್ಟ್ಸಿನ್, ಉಕ್ರೇನಿನ ಕ್ರಾವ್ಚುಕ್, ಬೆಲಾರುಸ್‌ನ ಶುಷ್ಕೆವಿಚ್ ಅಲ್ಲಿ ಕೂತು ಸೋವಿಯತ್ ಒಕ್ಕೂಟಕ್ಕೆ ಮಂಗಳ ಹಾಡಿದರು’ ಅಂದೆ. ಗುಂಪಿನಲ್ಲಿ ರಿಟೈರ್ಡ್ ಹಿಸ್ಟರಿ ಮೇಷ್ಟ್ರು ಇದ್ದರು. ಕಣ್ಣರಳಿಸಿ ಕೇಳಿದರು, ‘ಇಲ್ಲಿಂದ ಎಷ್ಟು ದೂರ?’

ಮಧ್ಯಾಹ್ನ ತ್ಸಾರ್ ಅರಮನೆಯ ಪಾರ್ಕಿನಲ್ಲಿ ಫ್ರೀ ಟೈಮ್ ಕೊಟ್ಟೆ. ನಾಲ್ಕಕ್ಕೆ ಗೇಟ್ ಹತ್ತಿರ ಸೇರಬೇಕು. ಸುಮ್ನೆ ಮೊಬೈಲ್ ನೋಡಿದೆ: 4:05. ಎದೆ ಧಸಕ್ಕೆಂದಿತು. ಕೆಫೆ, ಅಂಗಡಿ ಎಲ್ಲ ನುಗ್ಗಿ ಜನರನ್ನು ಎಬ್ಬಿಸಿದೆ. ‘ಇನ್ನೂ ಟೈಮ್ ಇದೆಯಲ್ಲಪ್ಪ’ ಅಂದ ಆಂಟಿಗೆ ‘ನಿಮ್ಮ ಫೋನಲ್ಲಿ ಇಂಡಿಯಾ ಟೈಮ್ ಇರಬೇಕು’ ಅಂತ ಜೋರು ಮಾಡಿದೆ. ಪಾಪ, ಕಾಫಿ ಅರ್ಧಕ್ಕೆ ಬಿಟ್ಟು ಬಂದರು. ಡ್ರೈವರ್‌ಗೆ ಫೋನ್ ಮಾಡಿದರೆ ‘ನಾಟ್ ಫೋರ್’ ಅಂದ. ರೆಸ್ಟ್ ಟೈಮ್ ಎಳೆಯುತ್ತಿದ್ದಾನೆ ಅಂತ ಬೈದುಕೊಂಡೆ.

ಇಪ್ಪತ್ತು ಜನ ಬಂದರು. ಮೇಷ್ಟ್ರು, ಅವರ ಮನೆಯವರು ಇಲ್ಲ. ಫೋನ್ ಸ್ವಿಚ್ ಆಫ್.

ವಿಸ್ಕುಲಿ ನೋಡಲು ಹೊರಟೇಬಿಟ್ಟರಾ? ಗಡಿಯಲ್ಲಿ ಐದೂವರೆ ಮೀಟರ್ ಎತ್ತರದ ಬೇಲಿ ಇದೆ. ಹಿಂದಿನ ವರ್ಷವಷ್ಟೇ 186 ಕಿ.ಮೀ. ಉದ್ದಕ್ಕೆ ಕಟ್ಟಿ ಮುಗಿಸಿದ್ದರು. ಮಂಡಿನೋವಿನ ಮೇಷ್ಟ್ರು ಅದನ್ನು ಹತ್ತುವುದುಂಟೇ? ಆದರೆ ಆ ಹೊತ್ತಿಗೆ ತಲೆ ಓಡಬೇಕಲ್ಲ! ಸೈನಿಕರು, ಸಿಂಗಲ್ ಎಂಟ್ರಿ ವೀಸಾ, ಎಂಬಸಿ, ಮೇಷ್ಟ್ರ ಮಗನಿಗೆ ಏನು ಹೇಳಲಿ, ಎಲ್ಲ ಒಟ್ಟಿಗೆ ಬಂತು. ಕೊಳದ ಕಡೆಗೊಮ್ಮೆ, ಚರ್ಚಿನ ಕಡೆಗೊಮ್ಮೆ ಓಡಿದೆ. ನಮ್ಮ ಕಂಪನಿಯ ಆಪರೇಷನ್ಸ್ ವಿಭಾಗಕ್ಕೆ ವಾಟ್ಸಾಪ್ ಕಾಲ್ ಮಾಡಿದೆ. ‘ಇನ್ಸಿಡೆಂಟ್ ಫಾರ್ಮ್ ತುಂಬಿ ಕಳಿಸಿ’ ಅಂದರು. ಇವರಿಗೆ ಎಲ್ಲದಕ್ಕೂ ಒಂದು ಫಾರ್ಮ್.

4:50ಕ್ಕೆ ಇಬ್ಬರೂ ಐಸ್‌ಕ್ರೀಂ ತಿನ್ನುತ್ತಾ ಬಂದರು. ನಾನು ಎಲ್ಲರೆದುರೇ ರೇಗಿದೆ: ‘ಟೈಮ್ ಸೆನ್ಸ್ ಬೇಡವಾ ಸರ್?’

ಮೇಷ್ಟ್ರು ಮಾತಾಡಲಿಲ್ಲ. ಮಣಿಕಟ್ಟು ಮುಂದೆ ಚಾಚಿದರು. ಹಳೇ ಎಚ್‌ಎಂಟಿ. 3:50. ‘ವಾರ್ಸಾದ ಹೋಟೆಲಲ್ಲಿ ಸರಿಮಾಡ್ಕೊಂಡೆ ಕಣಪ್ಪ. ಕೀ ಕೊಟ್ಟರೆ ಸರಿಯಾಗೇ ಓಡುತ್ತೆ.’

ನನ್ನ ಫೋನ್ ಯಾವಾಗಲೋ ಬೆಲಾರುಸ್ ನೆಟ್‌ವರ್ಕ್ ಹಿಡಿದಿತ್ತು. ಬೇಸಿಗೆಯಲ್ಲಿ ಅವರ ಗಡಿಯಾರ ಪೋಲೆಂಡ್‌ಗಿಂತ ಒಂದು ಗಂಟೆ ಮುಂದೆ. ಗಡಿ ದಾಟಿದ್ದು ನಾನೇ. ಆಂಟಿ ಹೇಳಿದರು, ಡ್ರೈವರ್ ಹೇಳಿದ, ಎರಡೂ ಕಿವಿಗೆ ಹೋಗಲಿಲ್ಲ. ಸರಿಯಾಗಿ ನಾಲ್ಕಕ್ಕೆ ಬಸ್ ಬಂದು ನಿಂತಿತು. ಬಸ್ಸಿನಲ್ಲಿ ಮೈಕ್ ಹಿಡಿದು ಸಾರಿ ಕೇಳಿದೆ. ಮೇಷ್ಟ್ರು ನಕ್ಕರು, ಅವರ ಮನೆಯವರು ಮಾತ್ರ ಕ್ರಾಕೋವ್ ತಲುಪುವವರೆಗೂ ನನ್ನ ಜೊತೆ ಮಾತಾಡಲಿಲ್ಲ.

ಈಗ ಆ ಕಡೆ ಹೋದರೆ ನೆಟ್‌ವರ್ಕನ್ನೂ ಟೈಮನ್ನೂ ಮ್ಯಾನ್ಯುವಲ್‌ಗೆ ಹಾಕುತ್ತೇನೆ. ಕೈಗೂ ಒಂದು ವಾಚ್ ಕಟ್ಟುತ್ತೇನೆ. ಆವತ್ತಿನ ರೋಮಿಂಗ್ ಬಿಲ್ ಮಾತ್ರ ಇನ್ನೂ ಪಾಸಾಗಿಲ್ಲ. ‘ಬೆಲಾರುಸ್ ಐಟಿನರರಿಯಲ್ಲೇ ಇಲ್ಲವಲ್ಲ, ಯಾಕೆ ಹೋಗಿದ್ದಿರಿ?’ ಅಂತ ಅಕೌಂಟ್ಸ್‌ನವರು ಕ್ವೆರಿ ಹಾಕಿ ಕೂತಿದ್ದಾರೆ.