ಡ್ರ್ಯಾಗನ್ ಬಾಲದ ಮೇಲೆ: ಒಂದು ದಿನ ಬೈಕಿನಲ್ಲಿ, ಮರುದಿನ ಕಾರಿನಲ್ಲಿ

ಮೊದಲೇ ಹೇಳಿಬಿಡುತ್ತೇನೆ, ಶನಿವಾರ ಹೋಗಬೇಡಿ. ನಾವು ಹೋಗಿದ್ದು ಶನಿವಾರವೇ, ಅದೂ ಅಕ್ಟೋಬರ್‌ನಲ್ಲಿ, ಎಲೆಗಳೆಲ್ಲ ಬಣ್ಣ ತಿರುಗಿ ಊರಿಗೆ ಊರೇ ಬೆಟ್ಟ ಹತ್ತುವ ಸಮಯದಲ್ಲಿ. ರಜೆ ಸಿಕ್ಕಿದ್ದು ಆಗಲೇ, ಏನು ಮಾಡುವುದು.

ಟೇಲ್ ಆಫ್ ದಿ ಡ್ರ್ಯಾಗನ್ ಗೊತ್ತಿಲ್ಲದವರಿಗೆ: ಅಮೆರಿಕದ ಯುಎಸ್ 129 ರಸ್ತೆಯಲ್ಲಿ 11 ಮೈಲಿಯ ಒಂದು ತುಂಡು ಅದು, ನಮ್ಮ ಲೆಕ್ಕದಲ್ಲಿ ಸುಮಾರು 18 ಕಿಲೋಮೀಟರ್. ಅಷ್ಟರಲ್ಲಿ 318 ತಿರುವುಗಳಿವೆ. ಆಗುಂಬೆ ಘಾಟಿಯ 14 ಹೇರ್‌ಪಿನ್‌ಗೇ ಪ್ಲಾಸ್ಟಿಕ್ ಕವರ್ ಹಿಡಿದು ಕೂರುವವರು ಲೆಕ್ಕ ಹಾಕಿಕೊಳ್ಳಿ. ನಾರ್ತ್ ಕ್ಯಾರೊಲಿನಾ ಗಡಿಯ ಡೀಲ್ಸ್ ಗ್ಯಾಪ್‌ನಲ್ಲಿ ಶುರುವಾಗಿ ಟೆನೆಸೀ ಕಡೆ ಟ್ಯಾಬ್‌ಕ್ಯಾಟ್ ಹಳ್ಳದ ಸೇತುವೆ ಹತ್ತಿರ ಮುಗಿಯುತ್ತದೆ. ಒಂದು ಮಗ್ಗುಲಿಗೆ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನ, ಇನ್ನೊಂದು ಮಗ್ಗುಲಿಗೆ ಚೆರೋಕೀ ಕಾಡು. ಮಧ್ಯೆ ಅಡ್ಡರಸ್ತೆ ಇಲ್ಲ, ಮನೆ ಇಲ್ಲ, ಗೇಟು ತೆಗೆದು ಎದುರಿಗೆ ಬರುವವರಿಲ್ಲ. ಅದಕ್ಕೇ ಬೈಕಿನವರೂ ಸ್ಪೋರ್ಟ್ಸ್ ಕಾರಿನವರೂ ಇಲ್ಲಿಗೆ ಹರಕೆ ಹೊತ್ತವರ ಹಾಗೆ ಬರುತ್ತಾರೆ. ಟೆನೆಸೀಯವರು 2015ರಿಂದ 30 ಅಡಿಗಿಂತ ಉದ್ದದ ಗಾಡಿಗಳನ್ನು ಬಿಡುವುದಿಲ್ಲ. ಹಾಗಾಗಿ ದೊಡ್ಡ ಲಾರಿಗಳ ಕಾಟ ಕಡಿಮೆ. ಉಳಿದವರು ಈ ಎರಡು ಪಂಗಡದವರು, ಜೊತೆಗೆ ಮ್ಯಾಪ್ ತೋರಿಸಿತು ಅಂತ ಬಂದು ಸಿಕ್ಕಿಹಾಕಿಕೊಂಡ ಸಂಸಾರಸ್ಥರು.

ನಾನು ನನ್ನ ಯಮಾಹಾದಲ್ಲಿ, ಹಾಸನದ ಗೆಳೆಯ ಅವನ ಮಾಜ್ಡಾ ಮಿಯಾಟಾ ಅನ್ನುವ ಪುಟ್ಟ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನಲ್ಲಿ. ಅಟ್ಲಾಂಟಾದಿಂದ ಬ್ಲೇರ್ಸ್‌ವಿಲ್, ಮರ್ಫಿ, ಆಂಡ್ರೂಸ್ ಮೇಲೆ ರಾಬಿನ್ಸ್‌ವಿಲ್‌ಗೆ ಬಂದು ಶುಕ್ರವಾರ ರಾತ್ರಿ ಅಲ್ಲೇ ಉಳಿದೆವು. ಇದು ಒಳ್ಳೆಯ ಏರ್ಪಾಡು, ಯಾಕೆಂದರೆ ಬೆಳಿಗ್ಗೆ ಬೇಗ ಹೊರಟರೆ ಗುಂಪು ಬರುವ ಮೊದಲೇ ಒಂದು ಸಲ ಹೋಗಿ ಬರಬಹುದು. ಸಸ್ಯಾಹಾರಿಗಳಿಗೆ ಒಂದು ಮಾತು: ಅಲ್ಲಿ ಊಟದ ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ನಾವು ಕಟ್ಟಿಕೊಂಡು ಹೋದ ಚಿತ್ರಾನ್ನ ಮಾರನೇ ಮಧ್ಯಾಹ್ನದವರೆಗೂ ಕಾಪಾಡಿತು, ಕೋಡುಬಳೆ ಸೋಮವಾರದವರೆಗೂ.

ರಾಬಿನ್ಸ್‌ವಿಲ್‌ನಲ್ಲೇ ಟ್ಯಾಂಕ್ ತುಂಬಿಸಿ. ಡೀಲ್ಸ್ ಗ್ಯಾಪ್‌ನಲ್ಲೂ ಪೆಟ್ರೋಲ್ ಸಿಗುತ್ತದೆ, ಆದರೆ ವಾರಾಂತ್ಯ ಅಲ್ಲಿ ಜಾತ್ರೆ. ಆಮೇಲಿನ 11 ಮೈಲಿಯಲ್ಲಿ ಏನೂ ಇಲ್ಲ. ಮೊಬೈಲ್ ಸಿಗ್ನಲ್‌ ಕೂಡ ನಂಬಬೇಡಿ, ಮ್ಯಾಪನ್ನು ಮೊದಲೇ ಇಳಿಸಿಟ್ಟುಕೊಳ್ಳಿ, ಎಷ್ಟು ಹೊತ್ತಿಗೆ ವಾಪಸ್ ಬರುತ್ತೀರಿ ಅಂತ ಮನೆಯಲ್ಲಿ ಹೇಳಿ ಹೋಗಿ. ಎರಡೂ ರಾಜ್ಯಗಳಲ್ಲಿ ಹೆಲ್ಮೆಟ್ ಕಡ್ಡಾಯ, ಮತ್ತು ಲೈಸೆನ್ಸಿನಲ್ಲಿ ಬೈಕಿನ ಅನುಮತಿ ಬೇರೆಯಾಗಿ ಇರಬೇಕು, ಕಾರಿನ ಲೈಸೆನ್ಸ್ ಸಾಲದು.

ಡೀಲ್ಸ್ ಗ್ಯಾಪ್‌ನಲ್ಲಿ ಒಂದು ಮರ ಇದೆ. ಇಲ್ಲಿ ಬಿದ್ದ ಬೈಕುಗಳ ಮುರಿದ ಚೂರುಗಳನ್ನೆಲ್ಲ ಅದಕ್ಕೆ ನೇತುಹಾಕಿದ್ದಾರೆ, ನಾಚಿಕೆಯ ಮರ ಅಂತಲೇ ಹೆಸರು. ಎಲ್ಲರೂ ಅದರ ಮುಂದೆ ನಕ್ಕು ಫೋಟೋ ತೆಗೆಸಿಕೊಳ್ಳುತ್ತಾರೆ. ನಾವೂ ತೆಗೆಸಿಕೊಂಡೆವು.

ಈಗ ರಸ್ತೆಗೆ ಬರೋಣ. ವೇಗದ ಮಿತಿ ಗಂಟೆಗೆ 30 ಮೈಲಿ, ಅಂದರೆ 48 ಕಿಲೋಮೀಟರ್. ಓದಿದರೆ ನಗು ಬರುತ್ತದೆ, ಹೋದ ಮೇಲೆ ಬರುವುದಿಲ್ಲ. ಪೊಲೀಸರೂ ಇರುತ್ತಾರೆ. ಎದುರಿಗೆ ಬರುವ ಬೈಕಿನವನು ಹೆಲ್ಮೆಟ್ ಮೇಲೆ ತಟ್ಟಿ ತೋರಿಸಿದರೆ ಮುಂದೆ ಪೊಲೀಸರಿದ್ದಾರೆ ಅಂತ ಅರ್ಥ, ನೆಲದ ಕಡೆ ಕೈ ಅಥವಾ ಕಾಲು ತೋರಿಸಿದರೆ ರಸ್ತೆಯಲ್ಲಿ ಏನೋ ಬಿದ್ದಿದೆ ಅಂತ. ಎರಡನೆಯದನ್ನು ಜಾಸ್ತಿ ಗಮನಿಸಿ. ಮಧ್ಯದಲ್ಲಿ ಜೋಡಿ ಹಳದಿ ಗೆರೆ ಉದ್ದಕ್ಕೂ ಇದೆ, ಓವರ್‌ಟೇಕ್ ಮಾಡುವ ಹಾಗಿಲ್ಲ. ನಮ್ಮ ಘಾಟಿಗಳ ಹಾಗೆ ತಿರುವಿನಲ್ಲಿ ಹಾರನ್ ಹೊಡೆಯುವ ಪದ್ಧತಿ ಇಲ್ಲಿಲ್ಲ. ಹಾಗಾಗಿ ಎದುರಿಗೆ ಯಾರಿದ್ದಾರೆ ಅನ್ನುವುದು ಕಾಣಿಸಿದಾಗಲೇ ಗೊತ್ತಾಗುವುದು.

ಸುಮಾರು ಹತ್ತು ಗಂಟೆ ಇರಬಹುದು. ಬಲಕ್ಕೆ ತಿರುಗುವ ಕುರುಡು ತಿರುವು. ನಾನು ಒಳಗೆ ಬರುತ್ತಿದ್ದ ಹಾಗೇ ಎದುರಿಗೆ ಒಂದು ಹಳದಿ ಕಾರು. ಅವನಿಗೆ ಅದು ಎಡ ತಿರುವು. ಸ್ಟಿಯರಿಂಗ್ ಜಾಸ್ತಿ ತಿರುಗಿಸುವ ಕಷ್ಟ ಯಾಕೆ ಅಂತ ತಿರುವನ್ನು ಕತ್ತರಿಸಿಕೊಂಡು ಬಂದಿದ್ದ, ಎಡಗಡೆಯ ಎರಡೂ ಚಕ್ರ ನನ್ನ ಲೇನಿನೊಳಗೆ. ನಾನು ಲೇನಿನ ಮಧ್ಯ ಬಿಟ್ಟು ಸ್ವಲ್ಪ ಬಲಕ್ಕೇ ಇದ್ದೆ, ಅದರಿಂದ ಬಚಾವಾದೆ. ಅವನಿಗೆ ಗೊತ್ತೂ ಆಗಲಿಲ್ಲ ಅನ್ನಿಸುತ್ತದೆ. ಆಮೇಲೆ ಸಿಕ್ಕ ಮೊದಲ ಜಾಗದಲ್ಲಿ ಬೈಕ್ ನಿಲ್ಲಿಸಿ ಗ್ಲೌಸ್ ತೆಗೆದರೆ ಕೈ ನಡುಗುತ್ತಿತ್ತು.

"ಮಗಾ, ಇವರಿಗೆಲ್ಲ ಕಾರು ಯಾರು ಕೊಟ್ಟರೋ" ಅಂತ ಬೈದೆ. ಗೆಳೆಯ ಸುಮ್ಮನಿದ್ದ. ಸ್ವಲ್ಪ ಹೊತ್ತು ಬಿಟ್ಟು, "ನಾಳೆ ನೀನು ಕಾರು ಓಡಿಸು, ನಾನು ಬೈಕ್ ತಗೋತೀನಿ" ಅಂದ.

ಅವತ್ತಿನ ನನ್ನ ಇನ್ನೊಂದು ದೂರು, ಹಿಂದೆ ಅಂಟಿಕೊಂಡು ಬರುವ ಕಾರುಗಳದ್ದು. ನೇರ ರಸ್ತೆಯಲ್ಲಿ ದೂರ ಇರುತ್ತಾರೆ, ತಿರುವು ಬಂದ ಕೂಡಲೇ ಕನ್ನಡಿ ತುಂಬ ಅವರ ಮುಖ. ಬೇಕಂತಲೇ ಹೆದರಿಸುತ್ತಾರೆ ಅಂದುಕೊಂಡಿದ್ದೆ.

ಭಾನುವಾರ ಬೆಳಿಗ್ಗೆ ಮಿಯಾಟಾದ ಸೀಟಿನಲ್ಲಿ ಕೂತಾಗ ಮೊದಲು ಗೊತ್ತಾಗಿದ್ದು ಏನೂ ಕಾಣಿಸುವುದಿಲ್ಲ ಅನ್ನುವುದು. ಕಾರು ನೆಲಕ್ಕೆ ಅಂಟಿಕೊಂಡಿದೆ, ಬೈಕಿನಲ್ಲಿ ದಿಬ್ಬದ ಮೇಲಿಂದ ಕಾಣುತ್ತಿದ್ದ ಮುಂದಿನ ತಿರುವು ಇಲ್ಲಿ ಹುಲ್ಲಿನ ಹಿಂದೆ ಮಾಯ. ಎಡಕ್ಕೆ ತಿರುಗುವಾಗ ಮುಂದಿನ ಗಾಜಿನ ಪಕ್ಕದ ಕಂಬ ಸರಿಯಾಗಿ ನೋಡಬೇಕಾದ ಕಡೆಯೇ ಅಡ್ಡ ಬರುತ್ತದೆ, ಒಂದು ಇಡೀ ಬೈಕು ಅದರ ಹಿಂದೆ ಅಡಗಬಹುದು. ಕಾರಿನವರು ಕತ್ತನ್ನು ಆಚೀಚೆ ಸರಿಸಿ ನೋಡಿ, ನಾಚಿಕೆ ಏನಿಲ್ಲ.

ಎರಡನೆಯದು ಆ ಅಂಟಿಕೊಳ್ಳುವ ವಿಷಯ. ಗೆಳೆಯ ಬೈಕಿನಲ್ಲಿ ಮುಂದೆ, ನಾನು ಹಿಂದೆ. ನಾನು ಆಕ್ಸಿಲರೇಟರ್ ಒಂದಿಷ್ಟೂ ಜಾಸ್ತಿ ಒತ್ತಲಿಲ್ಲ, ಆದರೂ ಪ್ರತಿ ತಿರುವಿನಲ್ಲೂ ಅವನ ಬೆನ್ನಿಗೇ ಹೋಗಿ ನಿಲ್ಲುತ್ತಿದ್ದೆ. ಬೈಕು ತಿರುವಿಗೆ ಮೊದಲೇ ವೇಗ ಇಳಿಸಿ, ಮಲಗಿಸಿ, ಅಂಗೈ ಅಗಲದ ಎರಡು ಟೈರ್ ತುಂಡಿನ ಮೇಲೆ ತಿರುಗಿ, ಹೊರಗೆ ಬಂದ ಮೇಲೆ ಬಾಣದ ಹಾಗೆ ಹೋಗುತ್ತದೆ. ಕಾರಿಗೆ ನಾಲ್ಕು ಅಗಲವಾದ ಟೈರು, ತಿರುವಿನ ಮಧ್ಯದಲ್ಲೂ ವೇಗ ಇಳಿಸಬೇಕಾಗುವುದಿಲ್ಲ. ಬ್ರೇಕ್ ಹಾಕುವ ಜಾಗವೇ ಬೇರೆ ಬೇರೆ. ಅದಕ್ಕೆ ಕಾರಿನವರು ಮುಂದೆ ಬೈಕ್ ಇದ್ದರೆ ನೇರ ರಸ್ತೆಯಲ್ಲಿ ಸಿಗುವ ಅಂತರವನ್ನು ನಂಬಬೇಡಿ, ತಿರುವಿನಲ್ಲಿ ಅದು ಅರ್ಧಕ್ಕರ್ಧ ಕರಗುತ್ತದೆ. ನಾಲ್ಕು ಐದು ಕಾರಿನಷ್ಟು ದೂರ ಬಿಟ್ಟೇ ಇರಿ. ಬೈಕಿನವನು ಬಿದ್ದರೆ ನಿಮ್ಮ ಮುಂದೆಯೇ ಬೀಳುತ್ತಾನೆ.

ಬೈಕಿನವರೇ, ಹಿಂದೆ ಕಾರು ಬಂತು ಅಂತ ವೇಗ ಹೆಚ್ಚಿಸಬೇಡಿ, ಇಲ್ಲಿ ಜನ ಬೀಳುವುದೇ ಹಾಗೆ. ರಸ್ತೆ ಪಕ್ಕದಲ್ಲಿ ಅಲ್ಲಲ್ಲಿ ಜಲ್ಲಿ ಹಾಕಿದ ಪುಲ್‌ಔಟ್ ಜಾಗಗಳಿವೆ. ಬಲ ಇಂಡಿಕೇಟರ್ ಹಾಕಿ, ನಿಧಾನವಾಗಿ ನೇರ ಮಾಡಿಕೊಂಡು ಒಳಗೆ ಹೋಗಿ, ಜಲ್ಲಿ ಮೇಲೆ ಮುಂದಿನ ಬ್ರೇಕ್ ಮುಟ್ಟದೆ ನಿಲ್ಲಿಸಿ, ಹೋಗಲು ಬಿಡಿ. ಹೋಗುವವನು ಕೈ ಬೀಸುತ್ತಾನೆ, ನೀವೂ ಬೀಸಿ, ಆಯಿತು. ಕಾರ್ ಕ್ಲಬ್ಬಿನವರು ಇಪ್ಪತ್ತು ಮೂವತ್ತು ಗಾಡಿ ಸಾಲಾಗಿ ಬರುವುದುಂಟು. ಮಿನಿ ಕಾರಿನವರದು, ಮಿಯಾಟಾದವರದು ಅಂತ ವರ್ಷಕ್ಕೊಂದು ಮೇಳವೇ ನಡೆಯುತ್ತದೆ. ಅಂಥ ಸಾಲು ಕಂಡರೆ ನೀರು ಕುಡಿದುಕೊಂಡು ಆರಾಮಾಗಿ ಕೂತುಬಿಡಿ, ಕೊನೆಯ ಕಾರಿನವರೆಗೂ. ಬೈಕ್ ಗುಂಪಿನವರೂ ಇದೇ ಮರ್ಯಾದೆ ಕಾರಿಗೆ ಕೊಡಬೇಕು. ಹನ್ನೆರಡು ದೊಡ್ಡ ಕ್ರೂಸರ್‌ಗಳು ಮದುವೆ ದಿಬ್ಬಣದ ಹಾಗೆ ಹೋಗುತ್ತಿದ್ದವು, ಮೂರು ಪುಲ್‌ಔಟ್ ದಾಟಿದರೂ ಒಬ್ಬನೂ ಪಕ್ಕಕ್ಕೆ ಹೋಗಲಿಲ್ಲ. ಕಾರಿನೊಳಗೆ ಕೂತು ನಾನೇ ಹಲ್ಲು ಕಡಿಯುತ್ತಿದ್ದೆ.

ಜಲ್ಲಿಯ ವಿಷಯ ಬಂತಲ್ಲ, ಇದನ್ನು ಕಾರಿನವರಿಗೆ ಯಾರೂ ಹೇಳುವುದಿಲ್ಲ. ಬಲ ತಿರುವಿನ ಒಳ ಅಂಚಿನಲ್ಲಿ ನಿಮ್ಮ ಒಂದು ಚಕ್ರ ಡಾಂಬರು ಬಿಟ್ಟು ಇಳಿದರೆ ನಿಮಗೆ ಒಂದು ಸಣ್ಣ ದಡಕ್ ಅಷ್ಟೇ. ಆದರೆ ಆ ಚಕ್ರ ಮಣ್ಣು, ಕಲ್ಲು ಎಲ್ಲ ರಸ್ತೆಗೆ ಎಳೆದು ಹಾಕುತ್ತದೆ, ಹಿಂದೆ ಬರುವ ಬೈಕ್ ಅದೇ ಜಾಗದಲ್ಲಿ ವಾಲಿಕೊಂಡು ತಿರುಗುತ್ತಿರುತ್ತದೆ. ಶನಿವಾರ ಸಂಜೆಯ ಹೊತ್ತಿಗೆ ಅಂಥ ನಾಲ್ಕೈದು ತಿರುವು ಎಣಿಸಿದ್ದೆ, ಬೆಳಿಗ್ಗೆ ಅವೆಲ್ಲ ಚೊಕ್ಕವಾಗಿದ್ದವು. ಬೈಕಿನವರು ಬೆಳಿಗ್ಗೆ ಚೆನ್ನಾಗಿತ್ತು ಅಂತ ಮಧ್ಯಾಹ್ನ ಅದೇ ಧೈರ್ಯದಲ್ಲಿ ಹೋಗಬೇಡಿ. ಅಕ್ಟೋಬರ್‌ನಲ್ಲಿ ಒದ್ದೆ ಎಲೆಯೂ ಸೇರಿಕೊಳ್ಳುತ್ತದೆ.

ಭಾರತದಿಂದ ಹೊಸದಾಗಿ ಬಂದವರು ಒಂದು ವರ್ಷ ಕಾಯುವುದು ಒಳ್ಳೆಯದು. ಬಲಗಡೆ ಓಡಿಸುವುದು ಹೆದ್ದಾರಿಯಲ್ಲಿ ಬೇಗ ರೂಢಿಯಾಗುತ್ತದೆ, ಆದರೆ ಗಾಬರಿಯಾದಾಗ ಕೈ ಹಳೇ ಅಭ್ಯಾಸದಂತೆ ಎಡಕ್ಕೇ ಎಳೆಯುತ್ತದೆ. ಇಲ್ಲಿ ಎಡಕ್ಕೆ ಅಂದರೆ ಎದುರಿನ ಗಾಡಿ.

ಡ್ರ್ಯಾಗನ್ ಒಂದಕ್ಕೇ ಅಂತ ಬರಬೇಡಿ. ರಾಬಿನ್ಸ್‌ವಿಲ್‌ನಿಂದ ಟೆಲಿಕೋ ಪ್ಲೇನ್ಸ್‌ಗೆ ಹೋಗುವ ಚೆರೋಹಾಲಾ ಸ್ಕೈವೇ ಇದೆ, 1996ರಲ್ಲಿ ತೆರೆದದ್ದು, 43 ಮೈಲಿ, 5,000 ಅಡಿಗೂ ಮೇಲೆ ಹತ್ತುತ್ತದೆ. ಉದ್ದನೆಯ ತಿರುವುಗಳು, ಅಗಲ ರಸ್ತೆ, ಬೈಕು ಕಾರು ಎರಡಕ್ಕೂ ಜಾಗ. ನನ್ನ ಮಟ್ಟಿಗೆ ಡ್ರ್ಯಾಗನ್‌ಗಿಂತ ಇದೇ ಮೇಲು, ಗೆಳೆಯ ಒಪ್ಪುವುದಿಲ್ಲ. ಅದರ ಮೇಲೆ ಪೆಟ್ರೋಲ್ ಸಿಗುವುದಿಲ್ಲ, ಸ್ವೆಟರ್ ಇರಲಿ. ಫಾಂಟಾನಾ ಅಣೆಕಟ್ಟೂ ಹತ್ತಿರವೇ, 480 ಅಡಿ ಎತ್ತರ, ಕೆಳಗೆ ನೋಡಿದರೆ ಹೊಟ್ಟೆ ತೊಳಸುತ್ತದೆ.

ಇನ್ನೊಂದು ಮಾತು. ಡ್ರ್ಯಾಗನ್‌ನ ಕೆಲವು ತಿರುವುಗಳಲ್ಲಿ ಫೋಟೋ ತೆಗೆಯುವವರು ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಹೋಗಿ ಬರುವ ಪ್ರತಿ ಗಾಡಿಯ ಫೋಟೋ ತೆಗೆದು ವೆಬ್‌ಸೈಟ್‌ನಲ್ಲಿ ಹಾಕುತ್ತಾರೆ, ದಿನ ಮತ್ತು ಹೊತ್ತು ನೋಡಿ ಹುಡುಕಿ ಕೊಳ್ಳಬೇಕು. ಅವರನ್ನು ಕಂಡ ಕೂಡಲೇ ಸ್ಟೈಲ್ ಮಾಡಲು ಹೋಗಬೇಡಿ. ಊರಿಗೆ ಬಂದ ಮೇಲೆ ನಾನೂ ಶನಿವಾರದ ನನ್ನ ಫೋಟೋ ಹುಡುಕಿದೆ. ಎಡ ತಿರುವು, ಬೈಕ್ ಚೆನ್ನಾಗಿ ಮಲಗಿದೆ, ಎರಡೂ ಟೈರು ನನ್ನ ಲೇನಿನೊಳಗೇ ಇವೆ. ತಲೆ ಮತ್ತು ಎಡ ಭುಜ ಮಾತ್ರ ಹಳದಿ ಗೆರೆ ದಾಟಿ ಆಚೆ ಲೇನಿನ ಮೇಲೆ ತೂಗುತ್ತಿವೆ. ಗೆಳೆಯನಿಗೆ ಕಳಿಸಿದೆ. "ಈ ಬೈಕ್ ಯಾರು ಕೊಟ್ಟರೋ ಮಗಾ" ಅಂತ ಉತ್ತರ ಬಂತು.