ಕುಣಿಗೆ ರೇಟ್ ಇಲ್ಲ

ಹೋದ ತಿಂಗಳು ವಿಜಯಪುರದ ಒಂದು ಕಾಲೇಜಿಗೆ ಮಾತಾಡೋಕೆ ಕರೆದಿದ್ದರು. ಹುಡುಗಿಯೊಬ್ಬಳು ಎದ್ದು ನಿಂತು, ಸರ್, ನೀವು ಬರೆಯೋಕೆ ಶುರು ಮಾಡಿದ್ದು ಹೇಗೆ ಅಂತ ಕೇಳಿದಳು. ಪ್ರತಿ ಸಲದ ಹಾಗೆ ಅಜ್ಜಿ ಹೇಳಿದ ಕತೆ, ರಾತ್ರಿಯಿಡೀ ನೋಡಿದ ಬಯಲಾಟ ಅಂತ ಒಂದಿಷ್ಟು ಹೇಳಿ ಚಪ್ಪಾಳೆ ತಗೊಂಡು ಬಂದೆ. ಸುಳ್ಳು. ನಮ್ಮಜ್ಜಿಗೆ ಒಂದು ಕತೆಯೂ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಬೈಗುಳ. ಅದರಲ್ಲಿ ಮಾತ್ರ ಆಕೆ ಮಹಾಕವಿ. ಅಲ್ಲಿ ನಿಜ ಹೇಳೋಕೆ ಧೈರ್ಯ ಸಾಲಲಿಲ್ಲ, ಇಲ್ಲಿ ಬರೀತೀನಿ.

ನಾನು ಬೆಳೆದದ್ದು ಹಳೆ ಬಾಗಲಕೋಟೆಯಲ್ಲಿ, ಘಟಪ್ರಭೆಗೆ ಹತ್ತಿರದ ಒಂದು ಓಣಿಯಲ್ಲಿ. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟೆಯ ಅಡಿಗಲ್ಲು ಬಿದ್ದದ್ದು 1964ರಲ್ಲಿ, ಅದರ ಹಿನ್ನೀರು ಘಟಪ್ರಭೆಗೂ ಏರಿ ನಮ್ಮೂರು ಮುಳುಗಿಸುತ್ತದೆ ಅಂತ ಮಾತು. ಆಗ ನಮ್ಮಪ್ಪ ಇನ್ನೂ ಚಡ್ಡಿ ಹಾಕುವ ಹುಡುಗ. ಅವತ್ತಿನಿಂದ ಊರಿನ ಬಾಯಲ್ಲಿ ಒಂದೇ ಮಾತು, 'ಹೆಂಗೂ ಮುಳುಗತೈತಿ'. ಗೋಡೆ ಬಿರುಕು ಬಿಟ್ಟರೆ ಗಿಲಾವು ಮಾಡಿಸುತ್ತಿರಲಿಲ್ಲ, ಹೆಂಗೂ ಮುಳುಗತೈತಿ. ಮಾಳಿಗೆ ಸೋರಿದರೆ ಕೆಳಗೊಂದು ಬೋಗುಣಿ ಇಟ್ಟು ಮಲಗುತ್ತಿದ್ದರು. ಮೂವತ್ತು ವರ್ಷಕ್ಕೂ ಜಾಸ್ತಿ ಹೀಗೆ ಕಾದ ಊರು ಅದು. ಹುಡುಗರ ಓದೂ ಅಷ್ಟೇ, ಸೋರುವ ಮಾಳಿಗೆಯ ಲೆಕ್ಕಕ್ಕೆ ಸೇರಿಹೋಗಿತ್ತು.

ಅಪ್ಪ ಖಣ, ಅಂದರೆ ಕುಪ್ಪಸದ ಬಟ್ಟೆ, ನೇಯುತ್ತಿದ್ದ. ಪಡಸಾಲೆಯಲ್ಲಿ ಕುಣಿಮಗ್ಗ ಇತ್ತು. ನೋಡದವರಿಗೆ ಹೇಳುತ್ತೇನೆ. ನೆಲದಲ್ಲಿ ಒಂದು ಕುಣಿ ತೋಡಿರುತ್ತಾರೆ. ನೇಕಾರ ಅದರ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆ ತುಳಿಯುತ್ತಾ ಮೇಲೆ ಲಾಳಿ ಓಡಿಸುತ್ತಾನೆ. ನಮ್ಮ ಕುಣಿಯ ಅಂಚು ಅಪ್ಪನ ತೊಡೆ ತಾಗಿ ತಾಗಿ ನುಣ್ಣಗೆ ಹೊಳೆಯುತ್ತಿತ್ತು. ಒಳಗೆ ನೂಲಿನ ಧೂಳು, ಗಂಜಿಯ ಹುಳಿ ವಾಸನೆ. ಅಪ್ಪ ಕುಡಿದು ಬಂದ ರಾತ್ರಿ ನಾನು ಅದರೊಳಗೇ ಇಳಿದು ಮುದುರಿಕೊಳ್ಳುತ್ತಿದ್ದೆ. ಅವನು ಬೆಲ್ಟು ಹಿಡಿದು ಅಡುಗೆಮನೆ, ಹಿತ್ತಲು, ಅಟ್ಟ ಎಲ್ಲ ಹುಡುಕುತ್ತಿದ್ದ, ತಾನು ದಿನವಿಡೀ ಕಾಲಿಟ್ಟು ಕೂರುವ ಆ ಜಾಗ ಒಂದನ್ನು ಬಿಟ್ಟು. ಬೇಕಂತಲೇ ಬಿಡುತ್ತಿದ್ದನೇನೋ ಅಂತ ಈಗೀಗ ಅನ್ನಿಸುತ್ತದೆ.

ಆಮೇಲೆ ಪರಿಹಾರದ ದುಡ್ಡು ಬಂತು, ಮುಳುಗುವವರಿಗೆ ಅಂತ ಕಟ್ಟಿದ ನವನಗರದಲ್ಲಿ ಪ್ಲಾಟು ಬಂತು. ಜನ ಬಾಗಿಲು, ತೊಲೆ, ಕಲ್ಲು ಎಲ್ಲ ಕಿತ್ತು ಟ್ರ್ಯಾಕ್ಟರಿಗೆ ಹೇರಿದರು. ನಾವೂ ಮಗ್ಗದ ಕಟ್ಟಿಗೆ ಹೇರಿಕೊಂಡು ಹೋದೆವು. ಕುಣಿ ಮಾತ್ರ ಅಲ್ಲೇ ಉಳಿಯಿತು. ಹೊಸ ಮನೆಯಲ್ಲಿ ಅಪ್ಪ ಮತ್ತೆ ಕುಣಿ ತೋಡಲೇ ಇಲ್ಲ. ದುಡ್ಡು ಇರುವತನಕ ಕುಡಿದ. ಶಾಲೆಯಲ್ಲಿ ಮಾಸ್ತರು, ವಿಜಯಪುರದ ಫ.ಗು. ಹಳಕಟ್ಟಿಯವರು ವಚನ ಅಚ್ಚು ಹಾಕೋಕೆ ಇದ್ದ ಮನೆ ಮಾರಿ ಪ್ರೆಸ್ ತಂದರು ಅಂತ ಪಾಠ ಮಾಡಿದಾಗ, ಮನೆ ದುಡ್ಡಿನಲ್ಲಿ ಹಂಗೂ ಮಾಡಬಹುದಾ ಅಂತ ನನಗೆ ನಗು ಬಂದಿತ್ತು. ನಕ್ಕಿದ್ದಕ್ಕೆ ಏಟೂ ಬಿತ್ತು.

ನಾನು ಶಾಲೆ ತಪ್ಪಿಸಿ ಹಳೆ ಊರಿಗೇ ಹೋಗುತ್ತಿದ್ದೆ. ಖಾಲಿ ಬಿದ್ದ ಮನೆಗಳಿಗೆ ನುಗ್ಗಿ ಉಳಿದ ಚಿಲಕ, ತಿರುಗಣಿ, ಗೂಟ, ಕಬ್ಬಿಣದ ಬಳೆ ಕಿತ್ತು ಗುಜರಿಗೆ ಮಾರೋದು. ಒಂದು ಚೀಲ ತುಂಬಿದರೆ ಸಿನಿಮಾ ಮತ್ತು ಮಿರ್ಚಿಗೆ ಸಾಕಾಗುತ್ತಿತ್ತು. ಕತ್ತಲಲ್ಲಿ ತಡಕಾಡಿ ತಡಕಾಡಿ ಓಣಿಯ ಒಂದೊಂದು ಮನೆಯೂ ಬಾಯಿಪಾಠವಾಯಿತು. ಯಾರ ಪಡಸಾಲೆಗೆ ಎಷ್ಟು ಕಂಬ, ನೆಲದೊಳಗೆ ಕಾಳು ತುಂಬಿಡುವ ಹಗೇವಿನ ಮುಚ್ಚಳ ಯಾರ ಮನೆಯಲ್ಲಿ ಎಲ್ಲಿ, ಯಾರ ದೇವರ ಮನೆಯ ಮಾಡದಲ್ಲಿ ಎಣ್ಣೆ ಜಿಡ್ಡು ಇನ್ನೂ ಒಣಗಿಲ್ಲ, ಎಲ್ಲ ಗೊತ್ತು. ಒಂದು ದಿನ ಸಿಕ್ಕಿಬಿದ್ದೆ. ಅದರ ವಿವರ ಬೇಡ. ಹತ್ತನೆಯ ತರಗತಿಯಲ್ಲಿ ಗಣಿತ, ಇಂಗ್ಲಿಷು ಎರಡೂ ಹೋದವು.

ಅವ್ವ ಬೇರೆ ದಾರಿ ಕಾಣದೆ, ಕಚೇರಿಯೊಂದರ ಮುಂದೆ ಮೇಜು ಹಾಕಿಕೊಂಡು ಅರ್ಜಿ ಬರೆಯುತ್ತಿದ್ದ ಒಬ್ಬ ದೂರದ ಮಾವನ ಹತ್ತಿರ ನನ್ನನ್ನು ಬಿಟ್ಟಳು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾದ ಮೇಲೆ ಕಚೇರಿಗಳೂ ಜಾಸ್ತಿ, ಅರ್ಜಿಗಳೂ ಜಾಸ್ತಿ. ಕೊಟ್ಟ ಪರಿಹಾರ ಸಾಲದು ಅಂತ 1894ರ ಭೂಸ್ವಾಧೀನ ಕಾಯ್ದೆಯ 18ನೇ ಕಲಮಿನಲ್ಲಿ ಕೇಳುವವರ ಸಾಲು ಬೇರೆ. ನನ್ನ ಅಕ್ಷರ ದುಂಡಗಿತ್ತು, ಅದೊಂದೇ ಬಂಡವಾಳ.

ಮೊದಲನೇ ಅರ್ಜಿಯಲ್ಲಿ 'ಅತ್ಯಂತ ಬಡವರಾದ ನಾವು ಕಣ್ಣೀರಿನಲ್ಲಿ ಕೈತೊಳೆಯುತ್ತಿದ್ದು' ಅಂತ ಬರೆದೆ. ಮಾವ ಗೆರೆ ಎಳೆದು ಹೊಡೆದು ಹಾಕಿದ. "ಲೇ, ಕಣ್ಣೀರು ಎಲ್ಲಾರೂ ಬರೀತಾರ. ಎಷ್ಟು ಅಂಕಣ? ಎಷ್ಟು ಬಾಗಲಾ? ಬೇವಿನ ಗಿಡ ಎಷ್ಟು ದಪ್ಪ? ಅದನ್ನ ಬರಿ." ನಮ್ಮ ಕಡೆ ಹಳೆ ಮನೆ ಅಳೆಯೋದು ಅಂಕಣದ ಲೆಕ್ಕದಲ್ಲಿ, ಎರಡು ತೊಲೆಗಳ ನಡುವಿನ ಜಾಗ ಒಂದು ಅಂಕಣ. ಬರೆಯೋದನ್ನು ಕಲಿಸಿದವರು ಯಾರು ಅಂತ ಕೇಳಿದರೆ ನಾನು ಹೇಳಬೇಕಾದ ಹೆಸರು ಆ ಮಾವಂದೇ. ಹೇಳುವುದಿಲ್ಲ, ಹೇಳಿದರೆ ಬೈತಾನೆ.

ಒಂದು ದಿನ ನಮ್ಮ ಓಣಿಯ ಮುದುಕಿ ಬಂದಳು. ಮನೆ ಹೇಗಿತ್ತು ಅಂತ ಕೇಳಿದರೆ ಬರೀ ಅಳು. ಅಳೋದು ಮುಗಿಯಲಿ ಅಂತ ಕಾಯದೆ ನಾನೇ ಬರೆಯುತ್ತಾ ಹೋದೆ. ಐದು ಅಂಕಣ, ಪಡಸಾಲೆಯ ಎಡಗೋಡೆಯಲ್ಲಿ ಮೂರು ಮಾಡ, ಹಿತ್ತಲ ಬಾಗಿಲಿಗೆ ಹಿತ್ತಾಳೆ ಬಳೆ. ಓದಿ ಹೇಳಿದೆ. ಅವಳ ಅಳು ನಿಂತಿತು.

"ಖರೆ ಐತಿ. ಹಿತ್ತಾಳಿ ಬಳಿ ನಿನಗ್ಹೆಂಗ ಗೊತ್ತೋ ತಮ್ಮಾ?"

ನಾನು ತಲೆ ಎತ್ತಲಿಲ್ಲ. ಆ ಬಳೆ ಮಾರಿ ಎರಡು ಸಿನಿಮಾ ನೋಡಿದ್ದೆ. ಅವಳ ಅರ್ಜಿಗೆ ದುಡ್ಡು ತಗೊಳ್ಳಲಿಲ್ಲ, ಆ ಐದು ರೂಪಾಯಿ ಮಾವ ನನ್ನ ಪಗಾರದಲ್ಲಿ ಮುರಿದುಕೊಂಡ.

ನಮ್ಮ ಮನೆಯ ಅರ್ಜಿ ಕೊನೆಗೆ ಬರೆದೆ. ನಾಲ್ಕು ಅಂಕಣ, ಎರಡು ಬಾಗಿಲು ಅಂತ ಹೊರಟವನು ಕುಣಿಯ ಹತ್ತಿರ ನಿಂತುಬಿಟ್ಟೆ. 'ಮಗ್ಗದ ಕುಣಿ ಒಂದು, ಎರಡು ಅಡಿ ಆಳ' ಅಂತ ಶುರುವಾದದ್ದು ಒಂದೂವರೆ ಪುಟ ಆಯಿತು. ಅಂಚಿನ ನುಣುಪು ಬಂತು, ಗಂಜಿ ವಾಸನೆ ಬಂತು, ರಾತ್ರಿ ಅಡಗಿ ಕೂತಾಗ ಹಲಗೆಯ ಸಂದಿಯಲ್ಲಿ ಕಾಣುತ್ತಿದ್ದ ಅಪ್ಪನ ಹಿಮ್ಮಡಿಯೂ ಬಂತು. ಮಾವ ಓದಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕುಣಿಗೆ ರೇಟ್ ಇಲ್ಲಲೇ" ಅಂದು ಆ ಹಾಳೆ ಬೇರೆ ತೆಗೆದು ನನ್ನ ಕೈಗೇ ಕೊಟ್ಟ.

ಆ ಹಾಳೆಯನ್ನು ಎಷ್ಟು ಸಲ ತಿದ್ದಿದೆನೋ. ಪತ್ರಿಕೆಗಳಿಗೆ ಕಳಿಸಿದೆ, ವಾಪಸ್ ಬಂತು, ಮತ್ತೆ ಕಳಿಸಿದೆ. ವರ್ಷಗಳಾದ ಮೇಲೆ ಒಂದು ವಾರಪತ್ರಿಕೆಯಲ್ಲಿ ಅಚ್ಚಾಯಿತು. ಆಗ ಅಪ್ಪ ಕುಡಿತ ಬಿಟ್ಟಿದ್ದ, ಬಿಟ್ಟಿದ್ದ ಅನ್ನೋದಕ್ಕಿಂತ ಲಿವರ್ ಬಿಡಿಸಿತ್ತು. ಕಣ್ಣು ಮಂಜು. ಓದಿ ಹೇಳು ಅಂದ. ಹೊಡೆತದ ಭಾಗ ಹಾರಿಸಬೇಕು ಅಂದುಕೊಂಡಿದ್ದೆ, ನಾಲಿಗೆ ಓಡುತ್ತಾ ಹೋಗಿ ಎಲ್ಲ ಓದಿಬಿಟ್ಟೆ. ಅವನು ಗೋಡೆಗೆ ಒರಗಿ, ಕಾಲು ಮಡಚಿ, ಕಣ್ಣು ಮುಚ್ಚಿಕೊಂಡೇ ಇದ್ದ. ನಿದ್ದೆ ಬಂತೇನೋ ಅಂದುಕೊಂಡೆ.

"ಕುಣಿ ಎಷ್ಟು ಆಳ ಅಂತ ಬರದಿ?"

"ಎರಡು ಫೂಟು."

"ಎರಡೂವರಿ," ಅಂದ.